ಡಬ್ಬಿ ಬಿಚ್ಚುವ ಕೈ

ಮಾರ್ಚ್ ೩, ಸೋಮವಾರ

ಇಂದಿನಿಂದ ಹೋರಾಟ!

ಅಮ್ಮನ ಬಲಗೈಯ ಪ್ಲಾಸ್ಟರ್ ತೆಗೆದು ಇವತ್ತಿಗೆ ನಾಲ್ಕು ದಿನ. ಆಸ್ಪತ್ರೆಯ ಅಡುಗೆಮನೆಯ ಒದ್ದೆ ನೆಲದಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡವಳು, ಹನ್ನೊಂದು ವರ್ಷ ಅದೇ ಅಡುಗೆಮನೆಯ ಹಬೆಯಲ್ಲಿ ಬೆಂದವಳು, ಕೆಲಸಕ್ಕೆ ಯಾವಾಗ ಬರಲಿ ಅಂತ ಕೇಳಲು ಹೋದರೆ ಮೇಲ್ವಿಚಾರಕ ಮೊದಲು ಕೈಗಡಿಯಾರ ನೋಡಿದನಂತೆ. ಅವನಿಗೆ ನಾನಿಟ್ಟ ಹೆಸರೇ ಗಡಿಯಾರ. ಯಾರು ಏನು ಕೇಳಿದರೂ ಮೊದಲು ಮಣಿಕಟ್ಟು ನೋಡಿಕೊಂಡು ಆಮೇಲೆ ಇಲ್ಲ ಎನ್ನುವ ಮನುಷ್ಯ.

"ಡಾಕ್ಟರು ಏನಂದ್ರು?"

"ಸೌಟು ಹಿಡೀಬಹುದು ಅಂದ್ರು ಸರ್. ತಿರುಚೋ ಕೆಲಸ ಮಾತ್ರ ಈ ಕೈಲಿ ಇನ್ನು ಬೇಡ ಅಂದ್ರು."

"ಮತ್ತೆ ಡಬ್ಬಿ?"

ಡಬ್ಬಿ! ಅಮ್ಮ ಅಲ್ಲಿ ಎರಡನೆಯ ಅಡುಗೆಯವಳು. ಎರಡನೆಯ ಅಡುಗೆಯವಳ ಮೊದಲ ಕೆಲಸ ದಿನವೂ ನಲವತ್ತು ದೊಡ್ಡ ತಗಡಿನ ಡಬ್ಬಿ ಬಿಚ್ಚುವುದು. ಬಟಾಣಿ, ಟೊಮೇಟೊ, ಹಣ್ಣು, ಹಾಲಿನಪುಡಿ. ಏಳರ ಗಂಟೆ ಹೊಡೆದಾಗ ಶುರು, ಎಂಟರ ಗಂಟೆಗೆ ಮುಗಿದಿರಬೇಕು. ಮೇಜಿಗೆ ಬಿಗಿದ ಹಳೆಯ ಕಬ್ಬಿಣದ ಓಪನರ್ ಒಂದಿದೆ. ಅದರ ಹಿಡಿ ತಿರುಗಿಸುವುದೆಂದರೆ ಎತ್ತು ಗಾಣ ಎಳೆದಂತೆ, ಅದೂ ಬಲಗೈಯಲ್ಲಿ.

"ಇಪ್ಪತ್ನಾಕನೇ ತಾರೀಖು ಬನ್ನಿ" ಅಂದನಂತೆ ಗಡಿಯಾರ. "ನಲವತ್ತು ಡಬ್ಬಿ ಬಿಚ್ಚಿ ತೋರ್ಸಿ. ನಮ್ ಓಪನರ್ ಆಗ್ದಿದ್ರೆ ನಿಮ್ಗೆ ಒಗ್ಗೋದು ತಂದ್ಕೊಳ್ಳಿ, ನಂದೇನೂ ಅಭ್ಯಂತರ ಇಲ್ಲ. ಆಗ್ಲಿಲ್ಲ ಅಂದ್ರೆ ಬಟ್ಟೆ ವಿಭಾಗದಲ್ಲಿ ಮಡಚೋ ಕೆಲಸ ಇದೆ."

ಅಮ್ಮ ಇದನ್ನು ಹೇಳಿ, "ಹಾಸಿಗೆ ಬಟ್ಟೆ ಮಡಚೋದೇನು ಕಷ್ಟ" ಎಂದು ಒಲೆಯ ಕಡೆ ತಿರುಗಿ ನಿಂತಳು. ಕುದಿಯದ ನೀರನ್ನು ಬಹಳ ಹೊತ್ತು ಕಲಕಿದಳು. ಸಾರಿನ ಹಬೆ ಮೂಗಿಗೆ ಬಡಿದರೆ ಸಾಕು, ಉಪ್ಪು ಎಷ್ಟು ಕಡಿಮೆ ಎಂದು ಹೇಳುವವಳು ಅವಳು. ಅವಳನ್ನು ಬ್ಲೀಚಿಂಗ್ ಪುಡಿಯ ವಾಸನೆಯಲ್ಲಿ ಕೂರಿಸುತ್ತಾರಂತೆ!

ನಾನು ಎಡಪಂಥೀಯಳು. ಈ ದಿನಚರಿಯ ಮೊದಲ ಪುಟದಲ್ಲೇ ಅದನ್ನು ಸ್ಪಷ್ಟಪಡಿಸಿದ್ದೇನೆ. ಮುದ್ರಣಾಲಯದಲ್ಲಿ ಕರಪತ್ರ ಮಡಚುವ ಕೆಲಸ ಮಾಡುತ್ತ ಎರಡು ವರ್ಷದಲ್ಲಿ ನಾನು ಓದಿದಷ್ಟು ಯಾವ ಕಾಲೇಜಿನವರೂ ಓದಿರಲಾರರು. ಮಡಚುವಾಗ ಮೊದಲ ಪುಟ ಮತ್ತು ಕೊನೆಯ ಪುಟ ಮಾತ್ರ ಹೊರಗೆ ಕಾಣುವುದರಿಂದ ಎಲ್ಲ ಸಿದ್ಧಾಂತಗಳ ಆರಂಭ ಮತ್ತು ಅಂತ್ಯ ನನಗೆ ಬಾಯಿಪಾಠ. ನಡುವಿನದನ್ನು ಊಟದ ಬಿಡುವಿನಲ್ಲಿ ಓದಿಕೊಳ್ಳುತ್ತೇನೆ, ಬಿಡುವಿದ್ದರೆ.

ಈ ಪ್ರಕರಣವನ್ನು ನಾನು ಕೈಗೆತ್ತಿಕೊಂಡಿದ್ದೇನೆ. ಸರಿಯಾದ ಓಪನರ್ ಆರಿಸುವುದು ಅಡುಗೆಯ ವಿಷಯವಲ್ಲ. ಅದು ಉತ್ಪಾದನಾ ಸಾಧನದ ಪ್ರಶ್ನೆ!


ಮಾರ್ಚ್ ೪, ಮಂಗಳವಾರ

ಪಾತ್ರೆ ಅಂಗಡಿಗೆ ದಾಳಿಯಿಟ್ಟೆ. ಅಂಗಡಿಯವನು ಕೋಲಿನಂಥ ಮನುಷ್ಯ, ಎಲ್ಲರನ್ನೂ ತಾಯಿ ಎನ್ನುತ್ತಾನೆ.

"ಓಪನರ್ ಬೇಕಾ ತಾಯಿ? ಮನೆಗಾ?"

"ಮನುಷ್ಯರ ಘನತೆಗೆ" ಎಂದೆ.

ಅವನು ಕಣ್ಣು ಮಿಟುಕಿಸಿ, "ಆ ಸೈಜು ನಮ್ಮಲ್ಲಿದ್ಯೋ ಇಲ್ವೋ ನೋಡ್ತೀನಿ" ಎಂದು ಒಳಗೆ ಹೋದ.

ಮೂರು ಬಗೆ ತಂದಿಟ್ಟ. ಒಂದು ಕೊಕ್ಕಿನದು: ತಗಡಿಗೆ ಚುಚ್ಚಿ, ಎತ್ತಿ ಎತ್ತಿ ಕೊಯ್ಯುತ್ತ ಹೋಗಬೇಕು, ಅಂಚು ಗರಗಸದ ಹಲ್ಲಿನಂತೆ ಉಳಿಯುತ್ತದೆ. ಎರಡನೆಯದು ಚಿಟ್ಟೆ: ಎರಡು ತೋಳುಗಳ ನಡುವೆ ಡಬ್ಬಿಯ ಅಂಚನ್ನು ಕಚ್ಚಿಸಿ, ಚಿಟ್ಟೆಯ ರೆಕ್ಕೆಯಂಥ ಚಾವಿ ತಿರುಗಿಸಿದರೆ ಹಲ್ಲುಚಕ್ರ ತಾನೇ ನಡೆಯುತ್ತದೆ. ಮೂರನೆಯದು ಮುಚ್ಚಳದ ಬದಲು ಪಕ್ಕದಿಂದ ಕೊಯ್ಯುವಂಥದ್ದು, ನೋಡಲು ಬಲು ಚೆಂದ. ಚೆಂದ ಇರುವುದನ್ನೆಲ್ಲ ನಾನು ಅನುಮಾನದಿಂದ ನೋಡುತ್ತೇನೆ.

ಹಲ್ಲು ಎಷ್ಟು, ಉಕ್ಕು ಯಾವುದು, ಚಕ್ರ ಸವೆದರೆ ಬದಲಿ ಸಿಗುತ್ತದೋ, ಮಾಡಿದ ಕಾರ್ಮಿಕರಿಗೆ ವಾರಕ್ಕೊಂದು ರಜೆ ಇದೆಯೋ ಎಂದು ಕೇಳಿದೆ. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ಜಾಗ ಖಾಲಿ ಮಾಡಿದರು. ಕೊನೆಗೆ ಅವನೇ ಕೈಮುಗಿದ.

"ನಿಮ್ಮ ಪ್ರಶ್ನೆಗೆ ಉತ್ತರ ಹೇಳೋ ಶಕ್ತಿ ನಂಗಿಲ್ಲ ತಾಯಿ. ಮೂರೂ ತಗೊಂಡ್ಹೋಗಿ, ಪರೀಕ್ಷೆ ಮಾಡಿ ನೋಡಿ. ವಾರದೊಳಗೆ ಬೇಡದ್ದು ವಾಪಸ್ ಕೊಟ್ರಾಯ್ತು. ಈಗ ಹೊರಡಿ."

ಜನಶಕ್ತಿಗೆ ಜಯ!


ಮಾರ್ಚ್ ೬, ಗುರುವಾರ

ಪರೀಕ್ಷೆಗೆ ಡಬ್ಬಿ ಎಲ್ಲಿಂದ ತರುವುದು? ಅಮ್ಮನ ಗೆಳತಿ, ಆಸ್ಪತ್ರೆಯಲ್ಲಿ ಪಾತ್ರೆ ತೊಳೆಯುವ ಅಕ್ಕ, ಒಂದು ಚೀಲ ಖಾಲಿ ಡಬ್ಬಿ ಕಳಿಸಿದ್ದಾಳೆ. ಬಾಯಿ ಬಿಚ್ಚಿದ್ದರೇನಂತೆ, ಅಡಿ ಇನ್ನೂ ಹಾಗೇ ಇದೆ! ಬೋರಲು ಹಾಕಿದರೆ ಹೊಸ ಡಬ್ಬಿ. ಇಪ್ಪತ್ತನಾಲ್ಕು ಡಬ್ಬಿ, ಇಪ್ಪತ್ತನಾಲ್ಕು ಪರೀಕ್ಷೆ.

ಸಂಜೆಯಿಡೀ ನಮ್ಮ ಅಡುಗೆಮನೆ ಕಾರ್ಖಾನೆಯಾಯಿತು. ಅಜ್ಜಿ (ಅಮ್ಮನ ಅಮ್ಮ, ಊರುಗೋಲಿಗಿಂತ ನಾಲಿಗೆ ಚುರುಕು) ಬಾಗಿಲಲ್ಲಿ ನಿಂತು ನೋಡಿದಳು.

"ತುಂಬಿದ ಕೊಡ ತುಳುಕಲ್ಲ ಅಂತಾರೆ. ಖಾಲಿ ಡಬ್ಬಿ ಏನ್ಮಾಡುತ್ತೆ ಅಂತ ಇವತ್ತು ಗೊತ್ತಾಯ್ತು."

"ಅಜ್ಜಿ, ಇದು ವೈಜ್ಞಾನಿಕ ಪರೀಕ್ಷೆ."

"ನಿನ್ನ ಬಾಯಿ ಮುಚ್ಚೋಕೆ ಒಂದು ಮುಚ್ಚಳ ಉಳಿಸ್ಕೋ."

ಫಲಿತಾಂಶ: ಕೊಕ್ಕಿನದು ಮೂರನೆಯ ಡಬ್ಬಿಗೇ ನನ್ನ ಅಂಗೈ ಕೆಂಪು ಮಾಡಿತು. ಪಕ್ಕದಿಂದ ಕೊಯ್ಯುವ ಸುಂದರಾಂಗ ಎರಡು ಡಬ್ಬಿ ನಾಜೂಕಾಗಿ ಬಿಚ್ಚಿ, ಮೂರನೆಯದರ ಏಣಿನ ಮೇಲೆ, ಅಂದರೆ ತಗಡು ಬೆಸೆದ ಉಬ್ಬುಗೆರೆಯ ಮೇಲೆ, ಮುನಿಸಿಕೊಂಡು ನಿಂತುಬಿಟ್ಟ. ಚಿಟ್ಟೆ ಗೆದ್ದಿತು! ಒಂದು ಡಬ್ಬಿಗೆ ಐವತ್ತು ಸೆಕೆಂಡು, ಒಂಚೂರೂ ನೋವಿಲ್ಲ. ಅಮ್ಮನ ಬಲಗೈ ಬಾರದಿದ್ದರೇನು, ಇಷ್ಟು ಹಗುರವಾದ ಚಾವಿಯನ್ನು ಎಡಗೈಯಲ್ಲಿ ಯಾರು ಬೇಕಾದರೂ ತಿರುಗಿಸಬಹುದು.

ಇನ್ನೊಂದು ಸಂಭ್ರಮ: ಚಿಟ್ಟೆಯ ಜೊತೆಗಿದ್ದ ಬಳಕೆಯ ವಿಧಾನದ ಚೀಟಿ ನಮ್ಮ ಮುದ್ರಣಾಲಯದ್ದೇ, ಕಳೆದ ವರ್ಷ ನಾನೇ ಮಡಚಿದ್ದು! "ಎಡಗೈಯಿಂದ ಹಿಡಿಗಳನ್ನು ಒತ್ತಿ ಹಿಡಿಯಿರಿ. ಬಲಗೈಯಿಂದ ಚಾವಿಯನ್ನು ತಿರುಗಿಸಿರಿ." ಎಡಕ್ಕೆ ಒತ್ತಿ ಹಿಡಿಯುವ ಕೂಲಿ, ಬಲಕ್ಕೆ ತಿರುಗಿಸುವ ಅಧಿಕಾರ! ಇದರ ಬಗ್ಗೆ ಒಂದು ಲೇಖನ ಬರೆಯಬೇಕು.

ಅಮ್ಮ ಬಾಗಿಲ ಬಳಿ ಕೂತು ಪರೀಕ್ಷೆಯನ್ನು ಪೂರ್ತಿ ನೋಡಿದಳು. ಏನೂ ಹೇಳಲಿಲ್ಲ. ಅಮ್ಮ ಬಾಯಿ ಬಿಡುವವಳೇ ಅಲ್ಲ. ದುಡಿಯುವ ಜನರ ಮೌನದ ಬಗ್ಗೆ ನಾನು ಓದಿದ್ದೆಲ್ಲ ನಿಜ.


ಮಾರ್ಚ್ ೯, ಭಾನುವಾರ

ಸೋಲು.

ಚಿಟ್ಟೆಯನ್ನು ಅಮ್ಮನ ಕೈಗೆ ಕೊಟ್ಟೆ. ಬಲಗೈಯಲ್ಲಿ ಚಿಟ್ಟೆಯ ತೋಳುಗಳನ್ನು ಒತ್ತಿ ಹಿಡಿಯಲು ಹೋದಳು, ಮುಖ ಕಿವುಚಿತು. ಎಡಗೈಗೆ ಚಾವಿ ಸಿಗಲೇ ಇಲ್ಲ, ಅದಿರುವುದು ಆಚೆ ಬದಿಗೆ. ತನ್ನ ಎರಡೂ ಕೈಗಳನ್ನು ಕತ್ತರಿಯಂತೆ ಒಂದರ ಮೇಲೊಂದು ಹಾಯಿಸಿ ತಿರುಗಿಸಿದಳು. ಚಕ್ರ ಜಾರಿತು, ಮತ್ತೆ ಜಾರಿತು. ಒಂದು ಡಬ್ಬಿಗೆ ಹನ್ನೊಂದು ನಿಮಿಷ.

"ಬಿಡು" ಎಂದಳು. ಡಬ್ಬಿಯನ್ನು ಮೆಲ್ಲಗೆ ಚೀಲಕ್ಕೆ ಹಾಕಿದಳು, ಅದಕ್ಕೆ ನೋವಾದೀತು ಎನ್ನುವ ಹಾಗೆ.

ಎಡಗೈ ಎಷ್ಟಾದರೂ ಎಡಗೈ. ಐವತ್ತು ವರ್ಷ ಸುಮ್ಮನೆ ಕೂತ ಕೈ. ಆದರೆ ನಾನು ಕೈಚೆಲ್ಲುವವಳಲ್ಲ. ‘ದುರ್ಬಲ ಕೈಗೆ ಹದಿನೈದು ದಿನದ ವ್ಯಾಯಾಮ’ ಎಂಬ ಕರಪತ್ರ ನನ್ನ ಪೆಟ್ಟಿಗೆಯಲ್ಲಿದೆ. ನಾಳೆಯಿಂದಲೇ ತರಬೇತಿ!


ಮಾರ್ಚ್ ೧೧, ಮಂಗಳವಾರ

ವ್ಯಾಯಾಮ ಒಂದು: ಒದ್ದೆ ಬಟ್ಟೆಯನ್ನು ಎಡಗೈಯಲ್ಲಿ ಹಿಂಡುವುದು. ಅಮ್ಮ ಒಂದೇ ಹಿಡಿತಕ್ಕೆ ಹಿಂಡಿಬಿಟ್ಟಳು. ಆಮೇಲೆ ನಾನು ಎರಡು ಕೈಯಲ್ಲಿ ಹಿಂಡಿ ನೋಡಿದೆ, ಒಂದು ಹನಿಯೂ ಬೀಳಲಿಲ್ಲ. ಎರಡೇ ದಿನದಲ್ಲಿ ಇಂಥ ಪ್ರಗತಿ! ಕರಪತ್ರದ ವಿಧಾನ ಎಷ್ಟು ಶಕ್ತಿಶಾಲಿ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೂ ಚಿಟ್ಟೆ ಜಾರುತ್ತಲೇ ಇದೆ.


ಮಾರ್ಚ್ ೧೩, ಗುರುವಾರ

ಇವತ್ತು ಒಂದು ವಿಚಿತ್ರ ಕಂಡೆ. ಮರೆಯುವ ಮೊದಲು ಬರೆದಿಡುತ್ತೇನೆ.

ಕೆಲಸದಿಂದ ಬೇಗ ಬಂದೆ. ಚಪ್ಪಲಿ ಕೈಯಲ್ಲಿತ್ತು, ಬಾರು ಕಿತ್ತುಹೋಗಿತ್ತು, ಹಾಗಾಗಿ ಸದ್ದಾಗಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಒಬ್ಬಳೇ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಚಾಕು ಎಡಗೈಯಲ್ಲಿತ್ತು. ಸಿಪ್ಪೆ ಒಂದೇ ಉದ್ದನೆಯ ಸುರುಳಿಯಾಗಿ ಮೊಣಕಾಲಿನವರೆಗೆ ಇಳಿದಿತ್ತು. ಎಲ್ಲೂ ತುಂಡಾಗಿರಲಿಲ್ಲ. ಅವಳು ಗುನುಗುತ್ತಿದ್ದಳು ಬೇರೆ.

ಅಷ್ಟರಲ್ಲಿ ಹಜಾರದಲ್ಲಿ ಅಜ್ಜಿಯ ಊರುಗೋಲಿನ ಸದ್ದು. ಟಕ್ ಟಕ್. ಕೇಳಿದ್ದೇ ತಡ, ಚಾಕು ಎಡಗೈಯಿಂದ ಬಲಗೈಗೆ ಹಾರಿತು! ಹಾವು ಬಿಲಕ್ಕೆ ಹೋದಂತೆ. ಆ ಬಲಗೈಗೆ ಚಾಕು ಹಿಡಿದರೆ ನೋವು, ನನಗೆ ಗೊತ್ತು. ಸಿಪ್ಪೆ ಪಟ್ ಪಟ್ ಎಂದು ಚೂರುಚೂರಾಗಿ ಬೀಳತೊಡಗಿತು.

ಅಜ್ಜಿ ಒಳಗೆ ಬಂದು, ಇನ್ನೆರಡು ಆಲೂಗಡ್ಡೆಯನ್ನು ಅಮ್ಮನ ಬಲಗಡೆಗೆ ಚಾಚಿದಳು. ಅವಳು ಏನು ಕೊಟ್ಟರೂ ಬಲಗಡೆಗೇ ಚಾಚುವುದು. ಪ್ಲಾಸ್ಟರ್ ಇದ್ದಾಗಲೂ ಬಲಗಡೆಗೇ ಚಾಚುತ್ತಿದ್ದಳು, ಅಮ್ಮ ಮೈ ತಿರುಗಿಸಿ ತೆಗೆದುಕೊಳ್ಳುತ್ತಿದ್ದಳು. ಇದನ್ನು ನಾನು ನೂರು ಸಲ ನೋಡಿದ್ದೇನೆ. ನೋಡಿದ್ದೇನೆ ಎನ್ನುವುದು ಇವತ್ತು ಗೊತ್ತಾಯಿತು.

ಐವತ್ತು ವರ್ಷದ ಹೆಂಗಸು ಯಾಕೆ ಹೀಗೆ ಬೆಚ್ಚಿದಳು?


ಮಾರ್ಚ್ ೧೪, ಶುಕ್ರವಾರ

ಗೊತ್ತಾಯಿತು! ಇನ್ನೂ ಮೈಯಲ್ಲಿ ಬೆಂಕಿ ಹೊತ್ತಿಕೊಂಡಂತಿದೆ.

ಊಟದ ಹೊತ್ತಿಗೆ ನೇರವಾಗಿ ಕೇಳಿದೆ. "ಅಮ್ಮ, ನಿನ್ನೆ ಅಜ್ಜಿ ಬಂದಾಗ ಚಾಕು ಯಾಕೆ ಕೈ ಬದಲಾಯಿಸ್ತು?"

ಅಮ್ಮ ತಟ್ಟೆ ನೋಡಿದಳು. "ಅಭ್ಯಾಸ."

ಅಜ್ಜಿ ಅಗಿಯುವುದನ್ನು ನಿಲ್ಲಿಸಿದಳು. "ಹೇಳೋದಕ್ಕೇನಾಗಿದೆ? ಅವಳು ಹುಟ್ಟಾ ಎಡಚಿ. ಎಲ್ಲಾದಕ್ಕೂ ಎಡಗೈ ಮುಂದೆ. ಶಾಲೇಲಿ ಮೇಷ್ಟ್ರು ಬೈದ್ರು, ಬೀದೀಲಿ ಮಕ್ಕಳು ಎಡಚಿ ಎಡಚಿ ಅಂತ ಹಿಂದೆ ಬಿದ್ರು. ಒಂದು ವರ್ಷ ಆ ಕೈಯನ್ನ ಟವೆಲ್ಲಲ್ಲಿ ಸೊಂಟಕ್ಕೆ ಕಟ್ಟಿಟ್ಟೆ. ಸರಿಹೋಯ್ತು."

ನಾನು ತಟ್ಟೆ ಬಿಟ್ಟು ಎದ್ದೆ. ದಮನ, ಹಿಂಸೆ, ಸಮಾಜದ ಕಟ್ಟುಪಾಡು ಎಂದೆಲ್ಲ ಕೂಗಿದೆ. ಎರಡು ಕರಪತ್ರದಷ್ಟು ಮಾತಾಡಿದೆ. ಅಜ್ಜಿ ತಟ್ಟೆಯ ಅನ್ನವನ್ನು ಬೆರಳಲ್ಲಿ ಗುಡ್ಡೆ ಮಾಡುತ್ತ ಕೂತಳು. ಅವಳು ನನಗೆ ಎದುರುತ್ತರ ಕೊಡದೆ ಇದ್ದುದು ನನ್ನ ನೆನಪಿನಲ್ಲಿ ಇದೇ ಮೊದಲು.

"ಕೂತ್ಕೋ" ಎಂದಳು ಅಮ್ಮ. "ಅಜ್ಜಿ ಮೇಲೆ ಕೂಗ್ಬೇಡ. ಅವರಿಗೆ ಗೊತ್ತಿದ್ದಿದ್ದು ಅಷ್ಟು."

"ನಿಂಗೆ ಕೋಪ ಬರಲ್ವಾ ಅಮ್ಮ?"

"ನಿನ್ನ ಮೇಲೆ ಬರುತ್ತೆ" ಎಂದಳು, ಆದರೆ ನಗುತ್ತಿದ್ದಳು. "ನಾನು ಎಡ, ನಾನು ಎಡ ಅಂತ ಊರೆಲ್ಲ ಸಾರ್ಕೊಂಡು ತಿರುಗ್ತೀಯ. ಹತ್ತೊಂಬತ್ತು ವರ್ಷದಿಂದ ಮನೇಲೇ ಒಬ್ಬಳಿದ್ದಾಳೆ, ಕಣ್ಣಿಗೆ ಬಿದ್ದಿಲ್ಲ. ಮೇಲಿಂದ ಅದೇ ಕೈಗೆ ವ್ಯಾಯಾಮ ಬೇರೆ ಹೇಳ್ಕೊಡ್ತಾಳೆ!"

ಅಜ್ಜಿ ಕೆಮ್ಮಿದಳು. ಅದು ಕೆಮ್ಮಲ್ಲ, ನಗು ಎಂದು ನನ್ನ ಅನುಮಾನ.

ಹಾಗಾದರೆ ಅಮ್ಮನ ಎಡಗೈ ದುರ್ಬಲವಲ್ಲ. ಓಪನರ್‌ಗಳು ಬಲಗೈಯವರಿಗೆಂದು ಮಾಡಿದವು, ಅಷ್ಟೇ! ಎಡಗೈ ಓಪನರ್ ತರುತ್ತೇನೆ. ಹತ್ತು ದಿನ ಇದೆ!


ಮಾರ್ಚ್ ೧೫, ಶನಿವಾರ

"ಎಡಗೈ ಓಪನರಾ?" ಎಂದ ಪಾತ್ರೆ ಅಂಗಡಿಯವನು. "ಎಡಗಾಲಿನ ಚಪ್ಪಲಿ ಬೇಕಾದ್ರೆ ಪಕ್ಕದ ಅಂಗಡೀಲಿ ಸಿಗುತ್ತೆ ತಾಯಿ. ಅದಕ್ಕೂ ಬಲಗಾಲಿಂದೂ ಸೇರಿಸ್ಕೊಡ್ತಾರೆ."

ಇನ್ನೂ ನಾಲ್ಕು ಅಂಗಡಿ ಸುತ್ತಿದೆ. ಒಬ್ಬ ನಕ್ಕ, ಒಬ್ಬ ತಿರುಪು ತೆಗೆಯುವ ಸಾಧನ ತೋರಿಸಿದ, ಒಬ್ಬಳು "ಬಲಗೈಯಲ್ಲಿ ಮಾಡೋಕೆ ಕಲಿಸಿ" ಎಂದು ಬುದ್ಧಿ ಹೇಳಿದಳು. ಆ ಮಾತಿಗೆ ಉತ್ತರ ಕೊಡಲು ಇಪ್ಪತ್ತು ನಿಮಿಷ ಹಿಡಿಯಿತು.

ಮುದ್ರಣಾಲಯಕ್ಕೆ ತಡವಾಗಿ ಹೋದೆ. ಅಲ್ಲಿ ಅಚ್ಚಿನ ಮೊಳೆ ಜೋಡಿಸುವ ಹಿರಿಯರನ್ನು ನಾವೆಲ್ಲ ಮೊಳೆ ಮಾವ ಎನ್ನುತ್ತೇವೆ. ಸೀಸದ ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು ಇರುತ್ತವೆ, ಅವರು ಅದನ್ನೇ ಸಲೀಸಾಗಿ ಓದುತ್ತ ಜೋಡಿಸುತ್ತಾರೆ. ಅವರ ಮುಂದೆ ನನ್ನ ಸಂಕಟವನ್ನೆಲ್ಲ ಸುರಿದೆ.

"ಎಲ್ಲ ಅಂಗಡಿ ಕೇಳಿದ್ಯಾ?"

"ಕೇಳ್ದೆ ಮಾವ."

"ಎಲ್ಲ ಕರಪತ್ರ ನೋಡಿದ್ಯಾ?"

"ನೋಡ್ದೆ."

"ನಿಮ್ಮಮ್ಮನ್ನ ಕೇಳಿದ್ಯಾ?"

ಸಿಟ್ಟು ಬಂತು. ಕೇಳುವುದೇನು? ಅವಳಿಗಾಗಿಯೇ ಅಲ್ಲವೇ ನಾನು ಹನ್ನೆರಡು ದಿನದಿಂದ ಚಪ್ಪಲಿ ಸವೆಸುತ್ತಿರುವುದು! ಹಾಗೆಂದೇ ಹೇಳಲು ಬಾಯಿ ತೆರೆದೆ. ಆಮೇಲೆ ಮುಚ್ಚಿದೆ.

ಕೇಳಿರಲಿಲ್ಲ.

ಮಾವ ಒಂದು ‘ಕ’ವನ್ನು ಬೆರಳ ತುದಿಯಲ್ಲಿ ತಡವಿ ಸಾಲಿಗೆ ಕೂರಿಸುತ್ತ ಹೇಳಿದರು: "ಮೂವತ್ತು ವರ್ಷ ಆಯ್ತು, ನಂಗೆ ಯಾವ ಅಕ್ಷರ ಎಲ್ಲಿದೆ ಅಂತ ತಲೆಗೆ ಗೊತ್ತಿಲ್ಲ. ಕೈಗೆ ಗೊತ್ತು. ಕೈಯನ್ನ ಕೇಳ್ಬೇಕಮ್ಮ."


ಮಾರ್ಚ್ ೧೬, ಭಾನುವಾರ

ಕೇಳಿದೆ. ಮನುಷ್ಯರು ಕೇಳುವ ಹಾಗೆ, ಕೆಳಗೆ ಕೂತು.

"ಅಮ್ಮ, ಆ ಡಬ್ಬಿಗಳನ್ನ ಹೇಗೆ ಬಿಚ್ಚಿದ್ರೆ ನಿಂಗೆ ಸುಲಭ?"

ಅಮ್ಮ ಲೋಟದ ನೀರಿನಲ್ಲಿ ಬೆರಳದ್ದಿದಳು, ಎಡಗೈಯ ಬೆರಳು! ನೆಲದ ಮೇಲೆ ಒಂದು ಗೆರೆ ಎಳೆದಳು. "ಇದು ಗೋಡೆ." ಅದಕ್ಕೆ ಅಂಟಿದಂತೆ ಒಂದು ಉದ್ದನೆಯ ಕಿರಿದಾದ ಚೌಕ. "ಇದು ಡಬ್ಬಿ ಮೇಜು. ಮೊಳದಗಲ." ನಡುವೆ ಒಂದು ಚುಕ್ಕೆ. "ಇದು ಹಳೇ ಓಪನರ್, ಕಂಬ ಇದ್ದ ಹಾಗೆ. ಹಿಡಿ ಇಲ್ಲಿ, ಬಲಕ್ಕೆ ಚಾಚಿದೆ. ನಾನು ಈ ಕಡೆ ನಿಲ್ತೀನಿ, ಗೋಡೆ ನೋಡ್ಕೊಂಡು."

"ಸರಿ."

"ಹನ್ನೊಂದು ವರ್ಷದಿಂದ ಒಂದೇ ಯೋಚನೆ. ನಾನು ಗೋಡೆ ಒಳಗೆ ನಿಂತಿದ್ರೆ ಎಷ್ಟು ಸುಲಭ ಅಂತ."

ನನಗೆ ಅರ್ಥವಾಗಲಿಲ್ಲ. ಅವಳು ಗೋಡೆಯ ಗೆರೆಯ ಆಚೆ ಒಂದು ಚುಕ್ಕೆ ಇಟ್ಟಳು.

"ಆ ಕಡೆಯಿಂದ ನೋಡು. ಹಿಡಿ ಎಲ್ಲಿದೆ?"

ಎಡಕ್ಕೆ!

ಎಡಕ್ಕೆ, ಎಡಕ್ಕೆ, ಎಡಕ್ಕೆ! ನಾನು ಎದ್ದು ಕುಣಿದುಬಿಟ್ಟೆ. ಹೊಸ ಓಪನರೇ ಬೇಡ. ಮೇಜನ್ನು ಗೋಡೆಯಿಂದ ಎರಡು ಮೊಳ ಎಳೆದು, ಅಮ್ಮ ಆಚೆ ಹೋಗಿ ನಿಂತರೆ ಮುಗಿಯಿತು. ತಳ್ಳುವುದು ಎಳೆದುಕೊಳ್ಳುವುದಾಗುತ್ತದೆ. ಬಲಗೈ ಡಬ್ಬಿಯ ಮೇಲೆ ಸುಮ್ಮನೆ ಅಂಗೈ ಊರಿದರೆ ಸಾಕು, ತಿರುಚುವ ಮಾತೇ ಇಲ್ಲ. ಪಕ್ಷ ಬದಲಿಸುವವರನ್ನು ನಾನು ಜೀವನದಲ್ಲಿ ಕ್ಷಮಿಸಿದವಳಲ್ಲ. ಇವತ್ತು ಒಂದು ವಿನಾಯಿತಿ.

"ಇಷ್ಟು ವರ್ಷ ಯಾಕಮ್ಮ ಹೇಳ್ಲಿಲ್ಲ?"

"ಯಾರು ಕೇಳಿದ್ರು?"

ನೆಲದ ಮೇಲಿನ ಗೋಡೆ ಆಗಲೇ ಆರುತ್ತಿತ್ತು.


ಮಾರ್ಚ್ ೧೯, ಬುಧವಾರ

ಅಮ್ಮ ಹೇಳಿದ್ದು:

ಹಳೇ ಓಪನರಿನ ಅಲಗು ಮೊಂಡಾಗಿ ಎರಡು ವರ್ಷವಾಯಿತು. ನೆಗ್ಗಿದ ಡಬ್ಬಿಯನ್ನು ಎಂದಿಗೂ ಕೊನೆಗೆ ಉಳಿಸಬಾರದು, ಕೈ ಸೋತಾಗ ಅದು ಆಟ ಆಡಿಸುತ್ತದೆ. ಬೆರಳಲ್ಲಿ ತಟ್ಟಿದರೆ ಟೊಮೇಟೊ ಮಂದ ದನಿ, ಬಟಾಣಿ ಸಣ್ಣ ದನಿ, ಕೆಟ್ಟದ್ದು ತಮಟೆ. ಏಣಿನ ಮೇಲೆ ಶುರು ಮಾಡಬಾರದು, ಏಣಿನ ಪಕ್ಕದಿಂದ ಶುರು ಮಾಡಿ ಅದನ್ನು ಕೊನೆಗೆ ದಾಟಬೇಕು.

ಇದು ಯಾವ ಕರಪತ್ರದಲ್ಲೂ ಇಲ್ಲ. ಬರೆದುಕೊಳ್ಳುತ್ತಿದ್ದೇನೆ. ಇವತ್ತು ಮುದ್ರಣಾಲಯದಲ್ಲಿ ಏನು ಮಡಚಿದೆ ಎಂದು ನೆನಪಿಲ್ಲ.


ಮಾರ್ಚ್ ೨೩, ಭಾನುವಾರ

ರಹಸ್ಯ ಕಾರ್ಯಾಚರಣೆ ಯಶಸ್ವಿ! ಪಾತ್ರೆ ತೊಳೆಯುವ ಅಕ್ಕ ನಿನ್ನೆ ಪಾಳಿ ಮುಗಿಸಿ ಹೊರಡುವಾಗ ಹಳೇ ಓಪನರಿನ ಅಲಗನ್ನು ತಿರುಪು ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಇವತ್ತಿನ ಊಟಕ್ಕೆ ಬೇಕಾದ ಡಬ್ಬಿಗಳನ್ನು ನಿನ್ನೆಯೇ ಬಿಚ್ಚಿಟ್ಟು ಬಂದಿದ್ದಳಂತೆ. ಮೊಳೆ ಮಾವ ಕಾಗದ ಕತ್ತರಿಸುವ ಯಂತ್ರದ ಕತ್ತಿ ಮಸೆಯುವ ಕಲ್ಲಿಗೆ ಅದನ್ನು ಹಿಡಿದರು. ಈಗ ಅಲಗಿನ ಮೇಲೆ ಕೂದಲಿಟ್ಟು ಊದಿದರೆ ಎರಡಾಗುತ್ತದೆ.

ಚಿಟ್ಟೆಯನ್ನೂ ಉಳಿದೆರಡನ್ನೂ ಅಂಗಡಿಯವನಿಗೆ ಹಿಂತಿರುಗಿಸಿದೆ. ಕೊಟ್ಟ ಗಡುವು ಮೀರಿತ್ತು. "ಯಾವುದೂ ಒಗ್ಗಲಿಲ್ವಾ ತಾಯಿ?" ಎಂದ. "ಅತ್ಯಂತ ನಂಬಿಕಸ್ಥ ಓಪನರ್ ಸಿಕ್ಕಿದೆ" ಎಂದೆ. "ಎಲ್ಲಿ?" "ಗೋಡೆ ಪಕ್ಕ." ಅವನು ಹೆಚ್ಚು ಕೇಳಲಿಲ್ಲ. ಜಾಣ.

ನಾಳೆಗೆ ಗಡಿಯಾರನ ಎದುರು ಮಾಡಲು ಹನ್ನೊಂದು ಅಂಶಗಳ ಭಾಷಣ ಬರೆದಿದ್ದೇನೆ. ವರ್ಷಕ್ಕೊಂದು ಅಂಶ. ಎರಡು ಹಾಳೆ, ಎರಡೂ ಬದಿ. ಅರ್ಧ ದಿನದ ರಜೆ ಹಾಕಿದ್ದೇನೆ.


ಮಾರ್ಚ್ ೨೪, ಸೋಮವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಏಳಕ್ಕೆ ಹತ್ತು ನಿಮಿಷ ಇರುವಾಗ ಹೋದೆವು. ಉದ್ದನೆಯ ಕೋಣೆ, ಹಬೆ, ಹಂಡೆಗಳ ಸಾಲು. ಗೋಡೆಗೆ ಒತ್ತಿಕೊಂಡು ಡಬ್ಬಿ ಮೇಜು, ಅದರ ಮೇಲೆ ಆ ಕಬ್ಬಿಣದ ಕಂಬ. ಅಕ್ಕ ಅಲಗನ್ನು ಆಗಲೇ ಕೂರಿಸಿದ್ದಳು. ಗಡಿಯಾರ ನಿಂತಿದ್ದ.

"ಇವರ್ಯಾರು?"

"ನನ್ನ ಮಗಳು ಸರ್. ನೋಡ್ತಾಳೆ ಅಷ್ಟೇ."

"ಡಬ್ಬಿ ಮುಟ್ಟೋ ಹಾಗಿಲ್ಲ. ಓಪನರ್ ತಂದ್ರಾ?"

"ಇಲ್ಲ ಸರ್. ಇಲ್ಲೇ ಇದ್ಯಲ್ಲ. ಮೇಜು ಸ್ವಲ್ಪ ಈಚೆಗೆ ಎಳ್ಕೋಬೇಕು."

ಅವನು ಮಣಿಕಟ್ಟು ನೋಡಿದ. "ಮೇಜು ಮುಟ್ಬೇಡಿ. ನಾನು ಇಲ್ಲಿಗೆ ಬರೋ ಮೊದಲಿಂದ ಅದು ಅಲ್ಲೇ ಇದೆ."

ನನ್ನ ಕ್ಷಣ ಬಂತು! ಜೇಬಿನಿಂದ ಹಾಳೆ ತೆಗೆದೆ, ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅಮ್ಮ ಹೇಳಿದಳು:

"ನಾನೂ ಅಷ್ಟೇ ಸರ್. ನೀವು ಬರೋ ಮೊದಲಿಂದ ಇಲ್ಲೇ ಇದೀನಿ."

ಇಷ್ಟು ಹೇಳಿ ಮೇಜಿನ ಮೂಲೆಗೆ ಎಡಗೈ ಹಾಕಿ, ಒಂದೇ ಸಲ ಎಳೆದಳು. ಕಿರ್ರೋ ಎಂದು ಮೇಜು ಗೋಡೆ ಬಿಟ್ಟು ಬಂತು. ಹಿಂದೆ ಹನ್ನೊಂದು ವರ್ಷದ ಜಿಡ್ಡು, ಮೂರು ಚಮಚ, ಒಂದು ಮೋಟು ಪೆನ್ಸಿಲ್. ಅಮ್ಮ ಸೀರೆ ಎತ್ತಿ ಕಟ್ಟಿ ಆ ಸಂದಿಗೆ ನಡೆದು ನಮ್ಮ ಕಡೆ ಮುಖ ಮಾಡಿ ನಿಂತಳು. ಅವಳು ಅಲ್ಲಿ ಕೆಲಸ ಮಾಡುವಾಗ ಅವಳ ಮುಖವನ್ನು ಯಾರಾದರೂ ನೋಡಿದ್ದು ಬಹುಶಃ ಅದೇ ಮೊದಲು.

"ಓಪನರ್ ನಿಮ್ಮದೇ ಸರ್. ನಾನು ನಿಂತಿರೋ ಕಡೆ ಮಾತ್ರ ಬೇರೆ."

ಏಳರ ಗಂಟೆ ಹೊಡೆಯಿತು.

ಮೊದಲ ಡಬ್ಬಿಗೆ ಎರಡು ನಿಮಿಷ. 'ತಳ್ಳಬೇಡ, ಎಳೆದುಕೋ' ಎಂದು ಕೂಗಬೇಕೆನಿಸಿತು. ಅವಳಿಗೆ ಗೊತ್ತಿತ್ತು. ಎರಡನೆಯದಕ್ಕೆ ಒಂದೂವರೆ. ಆರನೆಯದರಿಂದ ಆಚೆ ನಾನು ಎಣಿಸುವುದನ್ನು ಬಿಟ್ಟೆ. ಆ ಕೈ, ಟವೆಲ್ಲಿನಲ್ಲಿ ಕಟ್ಟಿಟ್ಟಿದ್ದ ಆ ಕೈ, ಹಿಡಿಯನ್ನು ಸುತ್ತಿಸುತ್ತಿದ್ದುದು ಹಗ್ಗದಾಟದ ಹುಡುಗಿ ಹಗ್ಗ ತಿರುಗಿಸಿದ ಹಾಗಿತ್ತು. ಹತ್ತೊಂಬತ್ತನೆಯದು ನೆಗ್ಗಿತ್ತು, ಹಲ್ಲು ಸಿಕ್ಕಿಕೊಂಡಿತು. ನಾನು ನಾಲಿಗೆ ಕಚ್ಚಿಕೊಂಡೆ. ಅಮ್ಮ ಡಬ್ಬಿಯನ್ನು ಬೋರಲು ಹಾಕಿ, ಕೈ ಒರೆಸಿಕೊಂಡು, ಅಡಿಯಿಂದ ಬಿಚ್ಚಿದಳು. ನಾನು ಮನೆಯಲ್ಲಿ ಮಾಡಿದ್ದ ಪರೀಕ್ಷೆಯಿಂದ ಕಲಿತದ್ದಂತೆ! ಆಮೇಲೆ ಹೇಳಿದಳು.

ನಲವತ್ತನೆಯ ಮುಚ್ಚಳ ಎದ್ದಾಗ ಎಂಟಕ್ಕೆ ನಾಲ್ಕು ನಿಮಿಷ ಬಾಕಿ.

ಗಡಿಯಾರ ಮಣಿಕಟ್ಟು ನೋಡಿದ, ಗೋಡೆಯ ಗಡಿಯಾರ ನೋಡಿದ, ಮತ್ತೆ ಮಣಿಕಟ್ಟು ನೋಡಿದ. ಇಲ್ಲ ಎನ್ನಲು ಏನೂ ಸಿಗಲಿಲ್ಲ.

"ನಾಳೆ ಏಳಕ್ಕೆ ಬನ್ನಿ."

"ಮೇಜು ಸರ್?" ಎಂದಳು ಅಕ್ಕ.

"ಅಲ್ಲೇ ಇರ್ಲಿ. ಹಿಂದಕ್ಕೆ ತಳ್ಳೋಕೆ ಈಗ ಟೈಮಿಲ್ಲ."

ಅವನು ಹೋದ ಮೇಲೆ ಅಮ್ಮ ನನ್ನ ಕಡೆ ಕೈ ಚಾಚಿದಳು. "ಆ ಕಾಗದ ಇಲ್ಲಿ ಕೊಡು. ಮುಚ್ಚಳ ಸುತ್ತಬೇಕು, ಕಸದವರ ಕೈ ಕೊಯ್ದುಬಿಡುತ್ತೆ." ಹನ್ನೊಂದು ಅಂಶಗಳಲ್ಲಿ ನಲವತ್ತು ಮುಚ್ಚಳಗಳನ್ನು ಸುತ್ತತೊಡಗಿದೆವು. ಕಾಗದ ಸಾಲಲಿಲ್ಲ. ಇನ್ನೂ ಎರಡು ಅಂಶ ಬರೆಯಬಹುದಿತ್ತು.

ಸಂಜೆ ಮನೆಯಲ್ಲಿ ನಾನು ಅಜ್ಜಿಗೆ ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಮೇಜು ಎಳೆದದ್ದನ್ನು ಎರಡು ಸಲ. ಅಮ್ಮ ಒಲೆಯ ಮುಂದೆ ನಿಂತು, "ಆ ಸೌಟು ಕೊಡಮ್ಮ" ಎಂದಳು.

ಅಜ್ಜಿ ಊರುಗೋಲನ್ನು ಗೋಡೆಗೆ ಒರಗಿಸಿ ಸೌಟು ತೆಗೆದಳು. ಎಂದಿನಂತೆ ಅಮ್ಮನ ಬಲಗಡೆಗೆ ಹೋಗಿ ನಿಂತಳು. ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಗೋಡೆ ಹಿಡಿದುಕೊಂಡು, ಕೋಲಿಲ್ಲದೆ, ಒಂದೊಂದೇ ಹೆಜ್ಜೆಯಿಡುತ್ತ ಅಮ್ಮನ ಹಿಂದಿನಿಂದ ಸುತ್ತಿಕೊಂಡು ಆ ಕಡೆಗೆ ಬಂದಳು. ಸೌಟನ್ನು ಎಡಗೈಗೆ ಚಾಚಿದಳು.

ಅಮ್ಮ ನೋಡಿದಳು. ತೆಗೆದುಕೊಂಡಳು. ಕಲಕಿದಳು.

ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ ಎಂಬುದನ್ನು ಇಲ್ಲಿ ವಿಶೇಷವಾಗಿ ದಾಖಲಿಸುತ್ತೇನೆ.